ಕುದ್ದ ನೀರಿನ ಜ್ವರ

ನನ್ನ ಗಂಟಲಲ್ಲಿ ಹದಿನೇಳು ಮಂದಿ ವಾಸವಿದ್ದಾರೆ. ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಕಂಡಕ್ಟರು, ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ತಡವೆಂದು ಹೇಳುವ ಹೆಂಗಸು, ಗುದ್ದಲು ಹಿಂದೆ ಸರಿಯುವ ಟಗರು, ಮರಿ ಹುಡುಕುವ ಕುರಿ, ಮತ್ತೆ ನಮ್ಮ ಡಾಕ್ಟರು ಶೋಭಾರಾಣಿ ಮೇಡಂ. ಉಳಿದವರು ಕರೆದರೆ ಬರುತ್ತಾರೆ. ಮೇಡಂ ಕರೆಯದಿದ್ದರೂ ಬರುತ್ತಿದ್ದರು. ಅವರ ದನಿ ಹಿಡಿಯುವುದು ಸುಲಭ. ಮೂಗನ್ನು ಸ್ವಲ್ಪ ಬಿಗಿಹಿಡಿದು, ‘ನೋಡಿ ಇಲ್ಲಿ’ ಎಂದು ಶುರು ಮಾಡಿ, ‘ಆಯ್ತು ಅನ್ನಿ’ ಎಂದು ಮುಗಿಸಿದರೆ ಸಾಕು. ಒಮ್ಮೆ ಅವರೇ ಗಾಡಿಯ ಹಿಂದೆ ನಿಂತು ಕೇಳಿಸಿಕೊಂಡು, “ನನಗಿಂತ ನೀನೇ ಚೆನ್ನಾಗಿ ಬೈತೀಯಲ್ಲೋ ಗಿರೀಶ” ಎಂದಿದ್ದರು.

ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಓದಿದ್ದು ಮೈಕ್ರೋಬಯಾಲಜಿ, ಪರೀಕ್ಷೆಯಲ್ಲಿ ನಂಬಿದ್ದು ಮೈಕ್ರೋ ಜೆರಾಕ್ಸು, ಕೊನೆಗೆ ಕೈಗೆ ಸಿಕ್ಕಿದ್ದು ಮೈಕು. ಕುರಿ ಸಾಕುವವರ ಸಂಘವೊಂದರ ಚಿಕಿತ್ಸಾ ಗಾಡಿಯಲ್ಲಿ ಮೇಡಂಗೆ ಸಹಾಯಕನಾಗಿ ಸೇರಿಕೊಂಡೆ. ಅವರು ಸೂಜಿ ಹಾಕುವಾಗ ಕುರಿಯ ಕಾಲು ಹಿಡಿಯುವುದು, ಉಳಿದ ಹೊತ್ತು ಹಟ್ಟಿ ಹಟ್ಟಿಗೆ ಹೋಗಿ ಜನರಿಗೆ ತಿಳಿವಳಿಕೆ ಕೊಡುವುದು ನನ್ನ ಕೆಲಸ. ತಿಳಿವಳಿಕೆ ಎಂದರೆ ಯಾರೂ ಬರುವುದಿಲ್ಲ, ಆಟ ಎಂದರೆ ಬರುತ್ತಾರೆ. ಹಾಗಾಗಿ ಆಟ ಕಟ್ಟಿದ್ದೆ.

ಆಟದಲ್ಲಿ ನಾನು ಒಂದು ಕ್ರಿಮಿ. ಒಲೆಯ ಮೇಲಿನ ಪಾತ್ರೆಯಲ್ಲಿ ಕೂತಿರುತ್ತೇನೆ. ನೀರು ಬೆಚ್ಚಗಾದಾಗ, “ಆಹಾ, ಹಬ್ಬದ ಸ್ನಾನ” ಎಂದು ಮೈ ಉಜ್ಜಿಕೊಳ್ಳುತ್ತೇನೆ. ಆಮೇಲೆ, “ಅವ್ವ, ಯಾಕೋ ಬಿಸಿ ಜಾಸ್ತಿ ಆತು.” ಆಮೇಲೆ ನೀರು ಕುದಿಯುವ ಸದ್ದು, ನನ್ನ ಕೂಗು, ಕೊನೆಗೆ ನಿಶ್ಶಬ್ದ. ಮಕ್ಕಳು ನಕ್ಕು ನಕ್ಕು ಮಣ್ಣಲ್ಲಿ ಉರುಳುತ್ತಿದ್ದವು. ಆಗ ನಾನು ಎದ್ದು ನಿಂತು ಹೇಳುತ್ತಿದ್ದೆ: “ಸೂಜಿ ಕುದಿಸ್ರಿ, ಪಾತ್ರೆ ಕುದಿಸ್ರಿ, ನೀರು ಕುದಿಸ್ರಿ. ಕುದ್ರೆ ಕ್ರಿಮಿ ಸತ್ತೋತು. ಸತ್ತೋನು ಯಾರಿಗೇನು ಮಾಡ್ಯಾನು?”

ಮಾರಿಕಣಿವೆಯ ಹಿನ್ನೀರಿನ ದಂಡೆಗಿದ್ದ ಹಟ್ಟಿಯಲ್ಲಿ ಈ ಆಟವನ್ನು ಮೂರು ಸಲ ನೋಡಿದವಳು ಗಂಗಕ್ಕ. ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಆದರೆ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಅವಳ ಗಂಡ ಎತ್ತಪ್ಪ ನಗುತ್ತಿರಲಿಲ್ಲ. ಕಂಬಳಿ ಹೊದ್ದು ಕೂತು, ಮುಗಿದ ಮೇಲೆ, “ಚೆಂದ ಕುಣೀತೀಯ ಬಿಡು” ಎಂದು ಎದ್ದು ಹೋಗುತ್ತಿದ್ದ.

ಅವರ ರೊಪ್ಪದಲ್ಲಿ ಅರವತ್ತು ಚಿಲ್ಲರೆ ಕುರಿಗಳು. ಎಲ್ಲವಕ್ಕೂ ಬಲಗಿವಿಯಲ್ಲಿ ಒಂದು ಕಚ್ಚು, ಅದು ಎತ್ತಪ್ಪನ ಮನೆಯ ಗುರುತು. ಒಂದೇ ಒಂದು ಕುರಿಗೆ ಎಡಗಿವಿಯಲ್ಲಿ ಎರಡು ಕಚ್ಚು. ಅದು ಗಂಗಕ್ಕನ ತವರಿನ ಗುರುತು. ಮದುವೆಯಾಗಿ ಬರುವಾಗ ಅವಳ ತಾಯಿ ಬಳುವಳಿಯಾಗಿ ಒಂದು ಹೆಣ್ಣು ಮರಿ ಕೊಟ್ಟಿದ್ದಳು. ಅದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣೆಲ್ಲ ಮಗಳದ್ದೇ, ಅದಕ್ಕೆ ತಾಯಿ ಮನೆಯ ಕಚ್ಚೇ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ಆ ಸಂತತಿ ಹೆಚ್ಚಿತು, ತಗ್ಗಿತು. ಹೋದ ವರ್ಷ ನೀಲಿ ನಾಲಿಗೆ ರೋಗ ಬಂದಾಗ ಎರಡು ಹೋಗಿ ಇದೊಂದು ಉಳಿಯಿತು. ತಾಯಿ ತೀರಿಕೊಂಡಿದ್ದಳು. ಹಾಲುರಾಮೇಶ್ವರದ ಕಡೆಯ ತವರಿನಲ್ಲಿ ಅಣ್ಣಂದಿರು ಮಂದೆ ಮಾರಿ ಮುಗಿಸಿದ್ದರು. ಹಟ್ಟಿಯವರೆಲ್ಲ ಅದನ್ನು ‘ಅವ್ವನ ಕುರಿ’ ಎಂದೇ ಕರೆಯುತ್ತಿದ್ದರು. ಎರಡು ಸಲ ಈದು ಎರಡೂ ಸಲ ಗಂಡು ಹಾಕಿತ್ತು. ಈಗ ಮೂರನೆಯ ಗಬ್ಬ, ನಾಲ್ಕು ತಿಂಗಳು.

ಮಳೆ ಬಿದ್ದು ಹಿನ್ನೀರಿನ ಅಂಚಿನಲ್ಲಿ ಎಳೆ ಹುಲ್ಲು ಎದ್ದಾಗ ಆ ಕುರಿ ಮೇದದ್ದು ಹೆಚ್ಚಾಗಿ ಭೇದಿ ಹತ್ತಿಕೊಂಡಿತು. ಸೋಮವಾರ ನಾನು ಮೇಡಂ ಇಬ್ಬರೂ ಹೋಗಿದ್ದೆವು. ಕಣ್ಣು ಒಳಗೆ ಹೋಗಿತ್ತು, ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಮೇಡಂ ಕತ್ತಿನ ನರಕ್ಕೆ ಎರಡು ಬಾಟಲಿ ಗ್ಲೂಕೋಸು ಏರಿಸಿದರು. ಅರ್ಧ ಗಂಟೆಯಲ್ಲಿ ಕುರಿ ಎದ್ದು ನಿಂತು ಗಂಗಕ್ಕನ ಕೈ ಮೂಸಿತು. “ನೋಡಿ ಇಲ್ಲಿ, ಇನ್ನು ಈ ಪುಡಿ ನೀರಲ್ಲಿ ಕಲಸಿ ಬಾಯಿಗೆ ಕುಡಿಸ್ತಾ ಇರಿ, ಸ್ವಲ್ಪ ಸ್ವಲ್ಪ, ಆಯ್ತು ಅನ್ನಿ” ಎಂದು ಹೇಳಿ ಹೊರಟರು. ಖಾಲಿ ಬಾಟಲಿಯನ್ನೂ ನಳಿಕೆಯನ್ನೂ ಸೂಜಿಯನ್ನೂ ಎತ್ತಿ ಗಾಡಿಗೆ ಹಾಕಬೇಕಾದವನು ನಾನು. ಮಕ್ಕಳು ಟಗರಿನ ಕೂಗು ಕೇಳುತ್ತಿದ್ದವು. ಮರೆತೆ.

ಬುಧವಾರ ಮೇಡಂಗೆ ಚಿತ್ರದುರ್ಗದಲ್ಲಿ ತರಬೇತಿ. ನಾನು ಆಟದ ಸಲುವಾಗಿ ಬೈಕಿನಲ್ಲಿ ಚಿಕ್ಕಜಾಜೂರಿಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಚಹಾದಂಗಡಿಯಲ್ಲಿ ಇದ್ದಾಗ ಗಂಗಕ್ಕ ಫೋನು ಮಾಡಿದಳು.

“ಗಿರೀಶಪ್ಪ, ಮೇಡಮ್ಮೋರ ಫೋನು ಹತ್ತವಲ್ದು. ಅವ್ವನ ಕುರಿ ಮತ್ತೆ ಮಲಗೈತೆ.”

“ಪುಡಿ ಕುಡಿಸಿದ್ರಾ?”

“ಹಲ್ಲು ಕಚ್ಕಂಡೈತೆ. ಹಾಕಿದ್ದೆಲ್ಲ ಕಟವಾಯಾಗೆ ಇಳಿತೈತೆ. ಮೊನ್ನೆ ಬಾಟ್ಲಿ ಏರಿಸಿದ ಮ್ಯಾಲೆ ಎದ್ದು ನಿಂತಿತ್ತಲ್ಲಪ್ಪ, ಹಂಗೇ ನರಕ್ಕೆ ಹಾಕಿದ್ರೆ? ಖಾಲಿ ಬಾಟ್ಲಿ ತೊಳೆದು ಮಡಗೀನಿ. ಉಪ್ಪು ಹಾಕಿ ನೀರು ಕುದಿಸ್ತೀನಿ. ನೀನೇ ಹೇಳಿದ್ಯಲ್ಲ, ಕುದ್ರೆ ಎಲ್ಲಾ ಸಾಯ್ತವೆ ಅಂತ.”

ನಾನು ಮೇಡಂಗೆ ಮೂರು ಸಲ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಗಂಗಕ್ಕನಿಗೆ ಮಾಡಿದಾಗ ಎತ್ತಿಕೊಂಡವನು ಎತ್ತಪ್ಪ.

“ಏನಪ್ಪ ಗಿರೀಶ, ಇವಳು ನರಕ್ಕೆ ಹಾಕು ಅಂತ ಕುಂತಾಳೆ. ಸೂಜಿ ಚುಚ್ಚಾಕೆ ನನಗೆ ಬರ್ತೈತೆ, ಅದೇನು ದೊಡ್ಡದಲ್ಲ. ಆದ್ರೆ ನಿನ್ನ ಮಾತು ಕೇಳಿ ನಾನು ಚುಚ್ಚಲ್ಲ. ನೀನು ಆಟ ಕಟ್ಟೋನು. ಮೇಡಂ ಒಂದು ಮಾತು ಹೇಳ್ಲಿ.”

ಹಿಂದೆ ಗಂಗಕ್ಕ ಅಳುತ್ತಿರುವುದು ಕೇಳಿಸುತ್ತಿತ್ತು. ಅವಳ ಮೇಲಿನ ಮರುಕವೇ ನನ್ನಿಂದ ಅದನ್ನು ಮಾಡಿಸಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಉಳಿದರ್ಧ, ‘ನೀನು ಆಟ ಕಟ್ಟೋನು’ ಎಂಬ ಮಾತು ಚುಚ್ಚಿದ್ದು. ಉಪ್ಪಿನ ಅಳತೆ ನನಗೆ ಗೊತ್ತಿತ್ತು. ನೀರು ಕುದಿಯುತ್ತದೆ, ಕ್ರಿಮಿ ಸಾಯುತ್ತವೆ. ಇನ್ನೇನು ಉಳಿಯಿತು?

“ಮೇಡಂ ಇಲ್ಲೇ ಅವರೆ, ತಡೀರಿ, ಕೊಡ್ತೀನಿ” ಎಂದೆ. ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ಮೂಗು ಬಿಗಿಹಿಡಿದೆ.

“ನೋಡಿ ಇಲ್ಲಿ ಎತ್ತಪ್ಪ. ನೀರು ಇಪ್ಪತ್ತು ನಿಮಿಷ ಕುದೀಬೇಕು. ಉಪ್ಪು ಲೀಟರಿಗೆ ಒಂದೂವರೆ ಚಮಚ, ಅಷ್ಟೇ. ಆರಿಸಿ, ಬಟ್ಟೇಲಿ ಸೋಸಿ, ನಿಧಾನ ಬಿಡಿ. ಆಯ್ತು ಅನ್ನಿ.”

“ಆತು ಮೇಡಂ,” ಎಂದ ಎತ್ತಪ್ಪ. ಅಷ್ಟು ಮೆತ್ತಗೆ ಅವನು ನನ್ನೊಡನೆ ಯಾವತ್ತೂ ಮಾತಾಡಿರಲಿಲ್ಲ. “ನಲ್ಲಿ ನೀರು ಬಂದು ಎರಡು ದಿನ ಆಗೈತ್ರಿ. ಹಿನ್ನೀರಿನ ಗುಂಡಿ ನೀರು ನಡೀತೈತಾ? ಒಂದೀಟು ಹಸ್ರಾಗೈತೆ.”

“ಯಾವ ನೀರಾದ್ರೂ ಸರಿ, ಕುದಿಸಿ.”

ಫೋನು ಇಟ್ಟು ಇನ್ನೊಂದು ಚಹಾ ಹೇಳಿದೆ. ನಿಜ ಹೇಳಬೇಕೆಂದರೆ, ಖುಷಿಯಾಗಿದ್ದೆ. ಆಮೇಲೆ ಆಟ ಆಡಿದೆ. ಪಾತ್ರೆಯಲ್ಲಿ ಕೂತು ಕೂಗಿದೆ, ಸತ್ತೆ, ಎದ್ದು ನಿಂತು ಕೊನೆಯ ಮಾತು ಹೇಳಿದೆ. ಚಪ್ಪಾಳೆ ಬಿತ್ತು. ಮೈಕು ಕೆಳಗಿಟ್ಟು ನೋಡಿದರೆ ಫೋನಿನಲ್ಲಿ ಗಂಗಕ್ಕನ ಆರು ಕರೆ.

“ಮೊದ್ಲು ಕಣ್ಣು ಬಿಡ್ತಪ್ಪ, ಕಿವಿ ಆಡಿಸ್ತು,” ಎಂದಳು. “ಒಂದು ಗಂಟೆ ಆಗಿರಬೌದು, ಆಮ್ಯಾಲೆ ನಡುಕ ಹತ್ಕಂತು. ಎರಡು ಕಂಬಳಿ ಹೊದಿಸೀವಿ, ನಿಲ್ಲವಲ್ದು. ಮೈ ಮುಟ್ಟಾಂಗಿಲ್ಲ, ಹಂಗೆ ಸುಡ್ತೈತೆ. ಉಸ್ರು ಒಂದೇ ಸಮ ಎಳೀತೈತೆ. ಮೇಡಂ ಎಲ್ಲವರೆ? ಕೊಡು ಅವ್ರಿಗೆ.”

ಮೇಡಂ ಹೊರಗೆ ಹೋಗಿದ್ದಾರೆ, ನಾನೇ ಬರುತ್ತೇನೆ ಎಂದೆ.

ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಬರುವಷ್ಟರಲ್ಲಿ ಮೇಡಂ ಫೋನು ಬಂತು. ರಸ್ತೆ ಪಕ್ಕ ಔಷಧಿ ಅಂಗಡಿಯ ಮುಂದೆ ಬೈಕು ನಿಲ್ಲಿಸಿದೆ.

“ಏನೋ ಗಿರೀಶ, ಇಷ್ಟೊಂದು ಕಾಲ್?”

ಹೇಳಿದೆ. ನಡುಕ, ಜ್ವರ, ಉಸಿರು. ಗುಂಡಿಯ ನೀರನ್ನು ಕುದಿಸಿ ನರಕ್ಕೆ ಹಾಕಿದ್ದು.

“ನರಕ್ಕಾ? ಯಾವ ಬುದ್ಧಿವಂತ ಹೇಳಿದ್ದು ಅವರಿಗೆ?”

“ನೀವೇ, ಮೇಡಂ.”

ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಎಂಡೋಟಾಕ್ಸಿನ್ ಅಂತ ಓದಿದ್ಯಾ ಇಲ್ವಾ ನೀನು?” ಎಂದರು.

ಓದಿದ್ದೆ. ಐದು ಅಂಕದ ಪ್ರಶ್ನೆ. ಮೂರು ವರ್ಷದಲ್ಲಿ ಚೀಟಿ ಇಲ್ಲದೆ ಬರೆದ ಕೆಲವೇ ಉತ್ತರಗಳಲ್ಲಿ ಅದೊಂದು. ಎಷ್ಟೋ ಬಗೆಯ ಬ್ಯಾಕ್ಟೀರಿಯಾಗಳ ಗೋಡೆಯ ಹೊರಮೈಯಲ್ಲಿ ಕೊಬ್ಬು, ಸಕ್ಕರೆ ಬೆಸೆದುಕೊಂಡ ಒಂದು ವಸ್ತು ಇರುತ್ತದೆ. ಕುದಿಯುವ ನೀರಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ. ಗೋಡೆ ಒಡೆದು ಚೂರಾಗಿ ನೀರಲ್ಲೇ ಉಳಿಯುತ್ತದೆ. ಆ ಚೂರುಗಳನ್ನು ಕುದಿ ಏನೂ ಮಾಡದು, ಬಟ್ಟೆ ಸೋಸದು. ಬಾಯಿಂದ ಹೋದರೆ ಕರುಳು ಬಹುಪಾಲನ್ನು ಒಳಗೆ ಬಿಡುವುದಿಲ್ಲ. ನೇರ ರಕ್ತಕ್ಕೆ ಇಳಿದರೆ ಅಲ್ಲಿ ಕಾವಲಿರುವ ಬಿಳಿ ಕಣಗಳು ಚೂರನ್ನು ಮುಟ್ಟಿ, ವೈರಿ ಬಂದ ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ವೈರಿ ಒಲೆಯ ಮೇಲೇ ಸತ್ತಿದ್ದಾನೆಂದು ಅವಕ್ಕೆ ಹೇಗೆ ಗೊತ್ತಾಗಬೇಕು? ಮಿದುಳು ಮೈಯ ಕಾವಿನ ಗುರಿಯನ್ನು ಮೇಲಕ್ಕೆ ಸರಿಸುತ್ತದೆ. ಆಗ ಇದ್ದ ಕಾವೇ ಚಳಿಯಾಗಿ ಕಂಡು ಪ್ರಾಣಿ ನಡುಗುತ್ತದೆ. ನಡುಗಿದಂತೆ ಕಾವು ಏರುತ್ತದೆ. ಚೂರುಗಳು ಹೆಚ್ಚಿದ್ದರೆ ಶ್ವಾಸಕೋಶಕ್ಕೂ ರಕ್ತದ ಒತ್ತಡಕ್ಕೂ ಪೆಟ್ಟು. ಗಬ್ಬದ ಪ್ರಾಣಿ ತಿಂಗಳು ತುಂಬುವ ಮುಂಚೆಯೇ ಕಂದು ಹಾಕುವುದೂ ಉಂಟು. ಇಷ್ಟೂ ಬರೆದು, ಗೋಡೆಯ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಐದಕ್ಕೆ ಐದು ತೆಗೆದಿದ್ದೆ.

“ಕುರಿಗಳಿಗಂತೂ ಅದು ಸ್ವಲ್ಪ ಸಾಕು,” ಎಂದರು ಮೇಡಂ. “ಔಷಧಿ ಅಂಗಡಿಗೆ ಹೋಗು, ನಾನು ಹೇಳೋ ಇಂಜೆಕ್ಷನ್ ತಗೋ, ಒಳ್ಳೆ ಗ್ಲೂಕೋಸ್ ನಾಲ್ಕು ತಗೋ. ಹೋದ ತಕ್ಷಣ ಜ್ವರ ನೋಡಿ ಹೇಳು. ನಾನೂ ಹೊರಟೆ ಇಲ್ಲಿಂದ.” ಫೋನು ಇಡುವ ಮುಂಚೆ, “ಮತ್ತೆ ಗಿರೀಶ, ನಾನು ಬರೋದ್ರೊಳಗೆ ಅವರಿಗೆ ನೀನೇ ಹೇಳು. ನನ್ನ ಬಾಯಲ್ಲಿ ಹೇಳಿಸ್ಬೇಡ” ಎಂದರು. ಕೊನೆಗೆ ‘ಆಯ್ತು ಅನ್ನಿ’ ಇರಲಿಲ್ಲ.

ನಾನು ಹಟ್ಟಿ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ರೊಪ್ಪದ ಬೇಲಿಯ ಹೊರಗೆ, ಜಾಲಿಯ ನೆರಳಲ್ಲಿ ಕುರಿ ಮಲಗಿತ್ತು. ಗಂಗಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎತ್ತಪ್ಪ ನನ್ನ ಹಿಂದೆ ದಾರಿಯ ಕಡೆ ನೋಡಿದ. “ಮೇಡಂ?”

“ಬರ್ತಾ ಅವರೆ.”

ಥರ್ಮಾಮೀಟರು ಇಟ್ಟೆ. ನೂರಾ ಏಳು. ಮೇಡಂಗೆ ಫೋನಿನಲ್ಲಿ ಹೇಳಿ, ಅವರು ಹೇಳಿದಂತೆ ಇಂಜೆಕ್ಷನ್ ಹಾಕಿದೆ, ಗ್ಲೂಕೋಸು ಏರಿಸಲು ಹೊರಟೆ. ಎರಡು ಸಲ ನರ ತಪ್ಪಿತು. ಎತ್ತಪ್ಪ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಮೂರನೆಯ ಸಲಕ್ಕೆ ತಾನೇ ಸರಿಯಾಗಿ ಇಳಿಸಿದ. ಕುರಿಯ ಬಾಯಿ ತೆರೆದಿತ್ತು. ಪಕ್ಕೆಗಳು ತಿದಿಯ ಹಾಗೆ ಏರಿ ಇಳಿಯುತ್ತಿದ್ದವು.

ಮೂರರ ಸುಮಾರಿಗೆ ಅದು ಕಂದು ಹಾಕಿತು. ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಗಂಗಕ್ಕ ಅದನ್ನು ಸೆರಗಿನ ತುದಿಯಿಂದ ಒರೆಸಿ, ಕಾಲುಗಳನ್ನು ಬಿಡಿಸಿ ನೋಡಿದಳು.

“ಹೆಣ್ಣು,” ಎಂದಳು.

ಆಮೇಲೆ ಕುರಿಯೂ ಹೆಚ್ಚು ಹೊತ್ತು ಇರಲಿಲ್ಲ. ಉಸಿರು ನಿಧಾನವಾದಾಗ ಔಷಧಿ ಹಿಡಿಯಿತೆಂದು ನಾನು ಅಂದುಕೊಂಡೆ. ಎತ್ತಪ್ಪನಿಗೆ ಗೊತ್ತಾಯಿತು. ಅವನು ಎದ್ದು ಹಾರೆ ತರಲು ಹೋದ.

ಗಂಗಕ್ಕ ಕುರಿಯ ಕಣ್ಣಿನ ಮೇಲೆ ಕೂತ ನೊಣ ಓಡಿಸುತ್ತ ಹೇಳಿದಳು: “ಮೇಡಂ ಇಪ್ಪತ್ತು ನಿಮಿಷ ಅಂದ್ರು. ನಾನು ಮುಕ್ಕಾಲು ಗಂಟೆ ಕುದಿಸ್ದೆ ಕಣಪ್ಪ. ಸೌದೆ ಹಸೀದು, ಉರಿ ನಿಲ್ತಿರಲಿಲ್ಲ. ಊದಿ ಊದಿ ಕುದಿಸ್ದೆ. ಆದ್ರೂ ಎಲ್ಲೋ ಸರಿಯಾಗಿ ಕುದೀಲಿಲ್ಲ ಅನ್ಸುತ್ತೆ. ನನ್ನ ಕೈಯಿಂದಾನೇ ಹೋತು.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಹಸಿ ಸೌದೆಯ ಮೇಲೆ ಎಲ್ಲವನ್ನೂ ಹೊರಿಸಿ, ಮೇಡಂ ಬರುವ ಮುಂಚೆ ಬೈಕು ಹತ್ತಬಹುದಿತ್ತು.

“ಗಂಗಕ್ಕ, ನೀನು ಸರಿಯಾಗೇ ಕುದಿಸಿದ್ದೆ. ಇಡೀ ದಿನ ಕುದಿಸಿದ್ರೂ ಹಿಂಗೇ ಆಗ್ತಿತ್ತು. ಅದ್ರಾಗಿದ್ದ ಕ್ರಿಮಿ ಎಲ್ಲಾ ಸತ್ತಿದ್ವು. ಸತ್ತ ಕ್ರಿಮಿಯ ಚೂರಿಂದಾನೇ ಜ್ವರ ಬಂದದ್ದು.”

“ಸತ್ತಿದ್ದಕ್ಕಾ?”

“ಹೂಂ.”

“ಮತ್ತೆ ನೀನು ಕುಣಿಯೋವಾಗ, ಸತ್ತೋನು ಏನು ಮಾಡ್ಯಾನು ಅಂತಿದ್ದೆ.”

“ತಪ್ಪು ಹೇಳಿದ್ದೆ.”

“ಮೇಡಮ್ಮೂ ಅಂದ್ರಲ್ಲ.”

“ಮೇಡಂ ಅನ್ಲಿಲ್ಲಕ್ಕ. ಅವರು ಚಿತ್ರದುರ್ಗದಾಗಿದ್ರು. ಫೋನಿನಾಗೆ ಮಾತಾಡಿದ್ದು ನಾನೇ.”

ಹಾರೆ ಹಿಡಿದು ಬಂದ ಎತ್ತಪ್ಪ ನಿಂತಲ್ಲೇ ನಿಂತ. ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ; ನಾಚಿಕೆ ಬಂತು. ಆ ಮುಖ ನೋಡಲಾಗದೆ ನಾನು ನೆಲ ನೋಡಿದೆ.

“ನಾನು ಅದಕ್ಕೆ ಮೇಡಂ ಮೇಡಂ ಅಂದೆ,” ಎಂದ, ಯಾರಿಗೋ ಹೇಳುವವನಂತೆ. ಬೇಲಿಯ ಆಚೆ ಹೋಗಿ ಗುಂಡಿ ತೋಡತೊಡಗಿದ.

ಗಂಗಕ್ಕ ಕುರಿಯ ಮೇಲೆ ಕಂಬಳಿ ಎಳೆದು ಮುಚ್ಚಿದಳು. ಆಮೇಲೆ ಕೇಳಿದಳು, “ಅದೇ ನೀರು ಬಾಯಿಗೆ ಹಾಕಿದ್ರೆ?”

ಇದಕ್ಕೂ ಒಂದು ಸುಳ್ಳು ಹೇಳಬಹುದಿತ್ತು. “ಏನೂ ಆಗ್ತಿರಲಿಲ್ಲ,” ಎಂದೆ. “ಹಲ್ಲು ಬಿಡಿಸಿ ಚೂರು ಚೂರೇ ಬಿಟ್ಟಿದ್ರೆ, ಬದುಕಿದ್ರೂ ಬದುಕ್ತಿತ್ತು.”

ಅವಳು ತಲೆಯಾಡಿಸಿದಳು. ಆಮೇಲೆ ಏನೋ ಹೊಳೆದಂತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಹುಡುಕಿದಳು. “ಬೆಳಿಗ್ಗೆ ನಮ್ಮಕ್ಕಂಗೂ ಹೇಳೀನಿ. ಅವಳವು ಎರಡು ಮರಿ ಭೇದಿ ಮಾಡ್ತವೆ. ಮೇಡಂ ಹಿಂಗ್ ಹೇಳಿದ್ರು, ನೀನೂ ಹಂಗೇ ಮಾಡು ಅಂದೀನಿ.”

ಅವಳಕ್ಕ ಜಯಕ್ಕ ಇರುವುದು ಹಾಲುರಾಮೇಶ್ವರದ ಬಳಿಯ ಹಟ್ಟಿಯಲ್ಲಿ. ಅಲ್ಲೂ ನನ್ನ ಆಟ ನಡೆದಿತ್ತು. ಫೋನು ನನ್ನ ಕೈಗೆ ಬಂತು. “ಜಯಕ್ಕ, ನಾನು ಗಿರೀಶ, ಗಾಡಿಯೋನು. ನೀರು ಕುದಿಸಿದ್ಯಾ?”

“ಕುದಿಸಿ ಆರಾಕಿಟ್ಟೀನಪ್ಪ. ಬಾಟ್ಲಿ ಸಿಕ್ಕಿರಲಿಲ್ಲ, ಈಗ ಪಕ್ಕದ ಹಟ್ಟಿಯಿಂದ ತಂದ್ವಿ. ಯಾಕೆ?”

“ನರಕ್ಕೆ ಹಾಕ್ಬೇಡ. ಬಾಯಿಗೆ ಕುಡಿಸು.”

ಜಯಕ್ಕ ನಕ್ಕಳು. “ಬಿಡಪ್ಪ, ನಿನ್ನ ಆಟ ನನಗೆ ಗೊತ್ತಿಲ್ವಾ. ಎಲ್ಲಿ, ಮೇಡಂ ದನೀಲಿ ಹೇಳು ನೋಡಾಣ.”

“ಆಟ ಅಲ್ಲ ಜಯಕ್ಕ.”

“ಆಟ ಅಲ್ಲ ಅಂತಾನೂ ಹಿಂಗೇ ಅಂತಿದ್ದೆ ಅವತ್ತು.”

ಗಂಗಕ್ಕ ಕೈಚಾಚಿ ಫೋನು ತೆಗೆದುಕೊಂಡಳು. “ಅಕ್ಕ, ನಾನು ಕಣೆ. ಅವ್ವನ ಕುರಿ ಹೋತು,” ಎಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಆ ಕಡೆಯ ನಗು ನಿಂತು, ಅಲ್ಲಿಂದಲೂ ಅಳುವ ದನಿ ಕೇಳಿಸಿತು. ಇಬ್ಬರೂ ಒಬ್ಬಳೇ ತಾಯಿಯ ಮಕ್ಕಳು. ಅದು ಇಬ್ಬರಿಗೂ ಅವ್ವನ ಕುರಿಯೇ. “ಆ ನೀರು ಹಾಕ್ಬೇಡ. ಅದ್ರಿಂದಾನೇ ಹೋಗಿದ್ದು... ಹೆಣ್ಣು ಮರಿ ಇತ್ತಕ್ಕ.”

ಜಯಕ್ಕ ಏನೋ ಕೇಳಿದಳು. ಗಂಗಕ್ಕ ನನ್ನ ಕಡೆ ತಿರುಗಿದಳು. “ಬಾಯಿಗೆ ಕೊಡಬೌದಾ ಅಂತಾಳೆ. ಮರಿ ತುಂಬಾ ಸೋತಾವಂತೆ.”

“ಕೊಡಬೌದು ಗಂಗಕ್ಕ. ಕೊಡಲೇಬೇಕು, ಈಗ್ಲೇ. ತಡ ಮಾಡಿದ್ರೆ ಅವೂ ಉಳಿಯಲ್ಲ.”

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒದ್ದೆಯಾದ ಕಣ್ಣಲ್ಲಿ ದ್ವೇಷವೇನೂ ಇರಲಿಲ್ಲ; ಸಂತೆಯಲ್ಲಿ ಕುರಿಯ ಹಲ್ಲು ನೋಡುವವರ ಹಾಗೆ ನೋಡುತ್ತಿದ್ದಳು.

“ಇದು ನಿನ್ನ ಮಾತಾ, ಮೇಡಂ ಮಾತಾ?”

“ಇಬ್ಬರದ್ದೂ ಅಕ್ಕ. ಮೊನ್ನೆ ಅವರೇ ಹೇಳಿದ್ರಲ್ಲ, ನಿನ್ನೆದುರಿಗೆ.”

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ, ಫೋನನ್ನು ಕಿವಿಗಿಟ್ಟುಕೊಂಡಳು.

“ಅಕ್ಕ, ತಡಿ. ಏನೂ ಹಾಕ್ಬೇಡ. ಮೇಡಂ ಬರ್ತಾರಂತೆ. ಬರ್ಲಿ, ಅವ್ರ ಮುಖ ನೋಡಿ ಕೇಳ್ತೀನಿ.”

ನಾನು ಮೇಡಂಗೆ ಫೋನು ಮಾಡಿದೆ. ರಿಂಗಾಯಿತು, ಕಡಿದುಹೋಯಿತು. ಮತ್ತೆ ಮಾಡಿದೆ. ಸಿಕ್ಕರೂ ಗಂಗಕ್ಕ ಆ ದನಿಯನ್ನು ಫೋನಿನಲ್ಲಿ ನಂಬುವಂತಿರಲಿಲ್ಲ. ಬೇಲಿಯಾಚೆ ಎತ್ತಪ್ಪನ ಹಾರೆ ಕಲ್ಲಿಗೆ ತಗಲುತ್ತಿತ್ತು. ಗಂಗಕ್ಕ ಕುರಿಯ ಪಕ್ಕದಲ್ಲಿ, ಫೋನನ್ನು ಮಡಿಲಲ್ಲಿಟ್ಟುಕೊಂಡು, ಮೇಡಂ ಬರಬೇಕಾದ ಹಿರಿಯೂರಿನ ಕಡೆಯ ರಸ್ತೆಯನ್ನು ನೋಡುತ್ತ ಕೂತಳು. ನಾನೂ ಅದೇ ರಸ್ತೆ ನೋಡುತ್ತ ನಿಂತೆ.